ಸಕ್ಕರೆಗೆ ಬಗ್ಗದ ಸೋದರಮಾವ

ಐವತ್ತು ದಾಟಿದ ಮೇಲೆ ಇಂಗ್ಲಿಷ್ ಕಲಿಯುವುದು ಕಷ್ಟ ಎಂದು ಯಾರು ಹೇಳಿದ್ದು? ಸುಳ್ಳು! ಬೆಟಗೇರಿಯಲ್ಲಿ ನನ್ನದೊಂದು ಸೀರೆ ಅಂಗಡಿ. ಅದರ ಮೇಲಿನ ಮಹಡಿಯಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸು ಶುರುವಾದ ದಿನವೇ ನಾನು ಮೆಟ್ಟಿಲು ಹತ್ತಿ ಹೆಸರು ಹಚ್ಚಿದೆ. ಅಲ್ಲಿಯ ಮೇಡಂ ಅವರ ಪದ್ಧತಿಯೇ ಬೇರೆ. ವಾರಕ್ಕೊಂದು ಕ್ರಿಯಾಪದ. ಅದನ್ನು ಬಾಯಿಪಾಠ ಮಾಡುವಂತಿಲ್ಲ, ಬಾಳಿ ತೋರಿಸಬೇಕು!

ಆ ವಾರದ ಪದ 'ರೆಸಿಸ್ಟ್'.

"ಯಾರರ ಒತ್ತಾಯ ಮಾಡಿದ್ರೂ, ನಮ್ಮ ಮನಸ್ಸ ಜಗ್ಗಿದ್ರೂ, ಬಗ್ಗದ ಗಟ್ಟಿ ನಿಲ್ಲೂದು. ಅದಕ್ಕ ರೆಸಿಸ್ಟ್ ಅಂತಾರ್ರಿ" ಎಂದು ಮೇಡಂ ಅರ್ಥ ಬಿಡಿಸಿದರು. "ಈ ವಾರ ಏನೇನ್ ರೆಸಿಸ್ಟ್ ಮಾಡಿದ್ರಿ, ಸೋಮವಾರ ಬಂದು ಇಂಗ್ಲಿಷ್‌ನ್ಯಾಗ ಹೇಳ್ರಿ."

ನಾನು ಅಂದು ಸಂಜೆಯೇ ಕಾರ್ಯಪ್ರವೃತ್ತನಾದೆ. ಅಂಗಡಿಯ ಎದುರಿಗೇ ಮಿರ್ಚಿ ಭಜಿಯ ಗಾಡಿ. ಬಾಣಲೆಯಿಂದ ಎದ್ದ ಬಿಸಿ ಮಿರ್ಚಿಯನ್ನು ಕಣ್ಣಾರೆ ಕಂಡೂ ನಾನು ತಲೆ ಎತ್ತಿಕೊಂಡು ಮುಂದೆ ನಡೆದೆ.

"ಯಾಕ್ರಿ ಸಾಹುಕಾರ್ರ, ಆರಾಮ ಇಲ್ಲೇನ್ರಿ?" ಎಂದು ಗಾಡಿಯವನು ಗಾಬರಿಯಾದ. ಮನೆಯಲ್ಲಿ ಹೆಂಡತಿ ಗಿರಿಜಾ ಇನ್ನೊಂದು ರೊಟ್ಟಿ ತಂದಾಗ ತಾಟಿಗೆ ಅಡ್ಡ ಕೈ ಹಿಡಿದೆ. "ಪಲ್ಲೆ ಚಲೋ ಆಗಿಲ್ಲೇನು?" ಎಂದು ಆಕೆ ಮುಖ ಊದಿಸಿದಳು. ಅದಕ್ಕೂ ಬಗ್ಗಲಿಲ್ಲ. ಅಬ್ಬಾ, ಅದೇನು ಉತ್ಸಾಹ! ಇಂಗ್ಲಿಷ್ ನನ್ನ ರಕ್ತದಲ್ಲೇ ಹರಿಯುತ್ತಿದೆ ಅನ್ನಿಸಿತು.

ಭಾನುವಾರ ಬಂತು. ಶಿರಹಟ್ಟಿಯ ಅಕ್ಕನ ಮಗಳು ಸುಜಾತಾಳಿಗೆ ಒಂದು ಸಂಬಂಧ ಕೂಡಿಬಂದಿತ್ತು. ಹುಡುಗ ಮುಂಡರಗಿಯಲ್ಲಿ ದನದ ಡಾಕ್ಟರು, ಮನೆ ಕೊರ್ಲಹಳ್ಳಿ. ಹುಡುಗ ಹುಡುಗಿ ಇಬ್ಬರೂ ಒಪ್ಪಿಯಾಗಿತ್ತು. ಒಪ್ಪಿದ್ದೇನು, ಸುಜಾತಾ ಅವನ ಹೆಸರು ಬಂದರೆ ಸಾಕು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ನಾವು ಹೋಗಿ ಮನೆ ನೋಡಿ ಬರುವುದಷ್ಟೇ ಬಾಕಿ. ಭಾವ ತೀರಿಕೊಂಡ ಮೇಲೆ ಆ ಮನೆಗೆ ಸೋದರಮಾವನಾದ ನಾನೇ ಹಿರಿಯ. ಹೊರಡುವಾಗ ಸುಜಾತಾ, "ಮಾಮಾ, ಅಲ್ಲಿಂದನ ಫೋನ್ ಹಚ್ಚು. ನಾ ಫೋನ್ ಕೈಯಾಗ ಹಿಡಕೊಂಡ ಕುಂತಿರ್ತೀನಿ" ಅಂದಳು.

ಅಕ್ಕ, ಗಿರಿಜಾ ಮತ್ತು ನಾನು ಕೊರ್ಲಹಳ್ಳಿ ಮುಟ್ಟಿದೆವು. ಹೊಳೆಯ ದಂಡೆಯ ತಂಪು ಮನೆ, ಬಾಯಿ ತುಂಬ ಮಾತಾಡುವ ಜನ. ಹುಡುಗನ ತಂದೆ ಕಂಬಳಿ ಹಾಸಿ, "ಬರ್ರಿ, ಕುಂಡ್ರಿ" ಎಂದರು. ಮೊದಲು ಒಗ್ಗರಣೆ ಅವಲಕ್ಕಿ ಬಂತು.

"ಒಲ್ಲೆರಿ" ಅಂದೆ.

ಚಹಾ ಬಂತು. "ಒಲ್ಲೆರಿ."

"ಒಂದ್ ಗುಟುಕರ ಕುಡೀರಿ ಅಣ್ಣಾರ!"

"ಖರೇನ ಒಲ್ಲೆರಿ!" ಒತ್ತಾಯ ಹೆಚ್ಚಿದಷ್ಟೂ ನನಗೆ ಹುರುಪು. ಸೋಮವಾರ ಹೇಳಲು ವಾಕ್ಯದ ಮೇಲೆ ವಾಕ್ಯ ಸಿಗುತ್ತಿತ್ತು! ಅಕ್ಕ ಕಣ್ಣು ಬಿಟ್ಟಳು. ಗಿರಿಜಾ ಕೆಮ್ಮಿದಳು. ಆಕೆಗೆ ಥಂಡಿಯಾಗಿದೆ ಎಂದುಕೊಂಡೆ.

ಆಗ ಒಳಗಿನಿಂದ ಹುಡುಗನ ಅಜ್ಜಿ ಬೆಳ್ಳಿ ಬಟ್ಟಲಲ್ಲಿ ಸಕ್ಕರೆ ಹಿಡಿದು ಬಂದರು. ಇಡೀ ಮನೆ ಎದ್ದು ನಿಂತಿತು. ಅಜ್ಜಿ ಚಿಟಿಕೆ ಸಕ್ಕರೆಯನ್ನು ನನ್ನ ಬಾಯಿಯ ಹತ್ತಿರ ತಂದು, "'ಆ...' ಅನ್ನಪಾ" ಅಂದರು.

ನಾನು ತುಟಿ ಬಿಗಿದೆ. ಕೈ ಮುಗಿದೆ. ಮುಖ ಆ ಕಡೆ ತಿರುಗಿಸಿದೆ. ಎಂಥ ರೆಸಿಸ್ಟ್! ಮೇಡಂ ನೋಡಿದ್ದರೆ ಚಪ್ಪಾಳೆ ತಟ್ಟುತ್ತಿದ್ದರು.

ಇಲ್ಲಿ ಯಾರೂ ತಟ್ಟಲಿಲ್ಲ. ಅಜ್ಜಿಯ ಕೈ ಕೆಳಗಿಳಿಯಿತು. ಬಟ್ಟಲು ಒಳಗೆ ಹೋಯಿತು. ಹುಡುಗನ ತಂದೆ ನೆಲ ನೋಡುತ್ತ, "ಆತ್ ಬಿಡ್ರಿ. ಋಣಾನುಬಂಧ ಇರಬೇಕಲ್ಲ" ಎಂದರು. ಅಕ್ಕನ ಕಣ್ಣಲ್ಲಿ ನೀರು ತುಂಬಿತ್ತು. ಗಿರಿಜಾ ನನ್ನ ಅಂಗಿಯ ತೋಳು ಹಿಡಿದು ಹಿತ್ತಲಿಗೆ ಎಳೆದೊಯ್ದಳು.

"ತಲಿ ನೆಟ್ಟಗ ಐತಿಲ್ಲೋ? ಮನಿ ನೋಡಾಕ ಬಂದ ಸೋದರಮಾವ ಸಕ್ಕರಿ ಒಲ್ಲೆ ಅಂದ್ರ ಸಂಬಂಧಾನ ಒಲ್ಲೆ ಅಂದಂಗ!"

ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು! ಎಷ್ಟೋ ಮನೆಗಳಲ್ಲಿ ನಾನೇ ಬಾಯಿ ತೆರೆದು ಸಂಬಂಧ ಗಟ್ಟಿ ಮಾಡಿದ್ದೇನೆ. ಆದರೆ ಆ ಹೊತ್ತಿಗೆ ತಲೆಯಲ್ಲಿ ಇಂಗ್ಲಿಷ್ ತುಂಬಿಕೊಂಡು ಉಳಿದದ್ದಕ್ಕೆಲ್ಲ ಜಾಗ ಇಲ್ಲದಾಗಿತ್ತು. ಫೋನು ಹಿಡಿದು ಕುಳಿತ ಸುಜಾತಾ ನೆನಪಾದಳು. ಓಡಿ ಬಂದೆ.

"ಸಕ್ಕರಿ ಕೊಡ್ರಿ! ತಿಂತೀನಿ!"

"ಬ್ಯಾಡ್ರಿ ಅಣ್ಣಾರ" ಎಂದರು ಹುಡುಗನ ತಂದೆ, ಬಹಳ ಮರ್ಯಾದೆಯಿಂದ. "ಮನಸ್ಸಿಲ್ಲದ ಮನಸ್ಸಿನಿಂದ ಯಾಕ ತಿಂತೀರಿ?"

"ಮನಸ್ಸೈತ್ರಿ! ಅವಲಕ್ಕಿನೂ ಕೊಡ್ರಿ! ಚಾನೂ ಕೊಡ್ರಿ!"

"ಜುಲುಮಿ ಬ್ಯಾಡ್ರಿ."

ಈಗ ಅವರು ರೆಸಿಸ್ಟ್ ಮಾಡತೊಡಗಿದರು! ಅದೂ ಒಂದು ದಿನವೂ ಕ್ಲಾಸಿಗೆ ಹೋಗದೆ! ನಾನು ಇನ್ನು ತಡೆಯಲಾರದೆ ಮಾನ ಮರ್ಯಾದೆ ಬಿಟ್ಟು ನೇರ ಅಡುಗೆಮನೆಗೆ ನುಗ್ಗಿದೆ. ಒಲೆಯ ಪಕ್ಕದಲ್ಲಿ ಕಂಡ ಡಬ್ಬಿ ತೆಗೆದೆ, ಬೆಳ್ಳಗಿದ್ದದ್ದನ್ನು ಮುಷ್ಟಿ ತುಂಬ ಎತ್ತಿ, ಬಾಗಿಲಲ್ಲಿ ನೆರೆದ ಎಲ್ಲರ ಎದುರಿಗೇ ಬಾಯಿಗೆ ಹಾಕಿಕೊಂಡೆ.

ಉಪ್ಪು!

ಉಗುಳಿದರೆ ಸಂಬಂಧವನ್ನೇ ಉಗುಳಿದ ಹಾಗೆ. ನುಂಗಿದರೆ ನಾನೇ ಇರುವುದು ಅನುಮಾನ. ಸುಜಾತಾಳನ್ನು ನೆನೆಸಿಕೊಂಡು ನುಂಗಿದೆ. ಕಣ್ಣಲ್ಲಿ ಧಾರಾಕಾರ ನೀರು. ಆದರೂ ನಗುತ್ತಲೇ, "ಭಾ...ಳ ಸಿಹಿ ಐತ್ರಿ!" ಅಂದೆ.

ಅಜ್ಜಿ ನನ್ನ ಕೈಯಲ್ಲಿದ್ದ ಡಬ್ಬಿ ನೋಡಿದರು. ನನ್ನ ಮುಖ ನೋಡಿದರು. ಬೊಚ್ಚು ಬಾಯಿ ತುಂಬ ನಕ್ಕುಬಿಟ್ಟರು.

"ಸಕ್ಕರಿ ತಿಂದವರು ಮಾತ ಮರೀಬಹುದು. ಇಂವಾ ನಮ್ಮ ಮನಿ ಉಪ್ಪ ತಿಂದಾನ! ಇನ್ನ ಒಲ್ಲೆ ಅನ್ನಾಕ ಬರೂದಿಲ್ಲ. ಲಗ್ನದ ಮುಹೂರ್ತ ತಗಸ್ರಿ!"

ಅಕ್ಕ ಅಳುತ್ತಲೇ ನಕ್ಕಳು. ಸುಜಾತಾಳಿಗೆ ಗಿರಿಜಾಳೇ ಫೋನು ಹಚ್ಚಿದಳು, ಯಾಕೆಂದರೆ ನನ್ನ ಬಾಯಿ ತಂಬಿಗೆಯಲ್ಲಿತ್ತು. ನೀರು ಕುಡಿದೆ, ಮಜ್ಜಿಗೆ ಕುಡಿದೆ, ಕೊನೆಗೆ ಆರಿದ ಚಹಾನೂ ಕುಡಿದೆ. ಯಾವುದಕ್ಕೂ ಒಲ್ಲೆ ಅನ್ನಲಿಲ್ಲ.

ಸೋಮವಾರ ಕ್ಲಾಸಿನಲ್ಲಿ ಮೇಡಂ, "ಏನೇನ್ ರೆಸಿಸ್ಟ್ ಮಾಡಿದ್ರಿ?" ಎಂದು ಕೇಳಿದಾಗ ನಾಲಿಗೆ ಇನ್ನೂ ಸುಡುತ್ತಿತ್ತು. ನೀರಿನ ಬಾಟಲಿ ಎತ್ತಿ ತೋರಿಸಿದೆ.

ಮುಂದಿನ ವಾರ ನಿಶ್ಚಯಕ್ಕೆ ಹೊರಡುವ ಮುಂಚೆ ಸುಜಾತಾ ಫೋನು ಮಾಡಿದಳು. "ಮಾಮಾ, ಈ ವಾರದ ಕ್ರಿಯಾಪದ ಯಾವುದು?"

ಹೇಳಿದೆ. 'ಇಂಟರಪ್ಟ್', ನಡುವೆ ಬಾಯಿ ಹಾಕುವುದು.

ತಕ್ಷಣ, "ಅತ್ತಿ ಕೈಯಾಗ ಫೋನ್ ಕೊಡು" ಅಂದಳು.

ನಿಶ್ಚಯದ ದಿನ ನನ್ನನ್ನು ಅಜ್ಜಿಯ ಪಕ್ಕದಲ್ಲೇ ಕೂರಿಸಿದ್ದರು. ಶಾಸ್ತ್ರ ಮುಗಿಯುವ ತನಕ ಅಜ್ಜಿ ನನ್ನ ಬಾಯಿಗೆ ಒಂದಾದ ಮೇಲೊಂದು ಉಂಡಿ ತುರುಕುತ್ತಲೇ ಇದ್ದರು. ಗಿರಿಜಾ ಹೇಳಿಕೊಟ್ಟಿದ್ದಳಂತೆ. ನಾನೂ ಒಲ್ಲೆ ಅನ್ನದೆ ಬಾಯಿ ತೆರೆಯುತ್ತಲೇ ಇದ್ದೆ, ನಡುವೆ ಬಾಯಿ ಹಾಕಲು ಸಂದಿಯೇ ಸಿಗಲಿಲ್ಲ.