ವಿಮಾನ ಏರುವಾಗ ಗೆರೆ ಇಳಿಯುತ್ತೆ ಅಂದಿದ್ದಕ್ಕೆ

ಮದುವೆ ತಪ್ಪೋದಕ್ಕೆ ಜಾತಕ, ಬೋಳುತಲೆ ಕಾರಣ ಆಗೋದನ್ನ ಕೇಳಿದ್ದೀರಿ. ನನಗೆ ಮಾತ್ರ ಹೋದಲ್ಲೆಲ್ಲ ವಿಮಾನದ ಎಂಜಿನ್ನು ಅಡ್ಡ ಬರ್ತಿತ್ತು. ಮದ್ದೂರಿಂದ ದಿನಾ ರೈಲಲ್ಲಿ ಬೆಂಗಳೂರಿಗೆ ಹೋಗಿ ಬರೋ ನೌಕರ ನಾನು. ವಿಮಾನ ನೆಲದಿಂದ ಏಳುವಾಗ ಎಂಜಿನ್ನು ಅದನ್ನ ಎಷ್ಟು ಬಲವಾಗಿ ತಳ್ಳಿತು ಅಂತ ಕಂಪ್ಯೂಟರಲ್ಲಿ ನೋಡಿ ಬರೆದಿಡೋದು ನನ್ನ ಕೆಲಸ. ನಿಂತ ವಿಮಾನ ಹೊರಡೋ ಗಳಿಗೇಲಿ ಆ ಬಲ ಅತಿ ಜಾಸ್ತಿ. ಓಡ್ತಾ ವೇಗ ಬಂದ ಹಾಗೆ ಕಂಪ್ಯೂಟರಲ್ಲಿ ಆ ಬಲ ತೋರಿಸೋ ಗೆರೆ ನಿಧಾನಕ್ಕೆ ಇಳಿಯುತ್ತೆ. ಕೆಟ್ಟು ನಿಂತ ಜೀಪು ತಳ್ಳಿದವರಿಗೆ ಗೊತ್ತು, ಅದು ಓಡೋಕೆ ಶುರುವಾದ ಮೇಲೆ ಕೈ ಅಷ್ಟು ಒತ್ತೋಕಾಗಲ್ಲ. ಅಷ್ಟೇ ಕಣ್ರೀ ವಿಷಯ! ಇಷ್ಟಕ್ಕೇ ನನಗೆ ಮೂವತ್ಮೂರು ದಾಟಿತು, ಅವ್ವ ದೇವರ ಮೇಲೆ ಮುನಿಸಿಕೊಂಡಳು.

೧. ಕೊಪ್ಪದ ಉಪ್ಪಿಟ್ಟು

ಮೊದಲು ಹೆಣ್ಣು ನೋಡೋಕೆ ಹೋಗಿದ್ದು ಕೊಪ್ಪಕ್ಕೆ. ಹುಡುಗಿಯ ಅಪ್ಪ ಕಬ್ಬು ಬೆಳೆಯೋ ಗಟ್ಟಿ ಕುಳ. ಕೆಲಸ ಏನಪ್ಪ ಅಂದರು. ಹುಮ್ಮಸ್ಸಿನಲ್ಲಿ ಪೇಪರಿನ ಮೇಲೆ ಗೆರೆ ಎಳೆದು ತೋರಿಸಿದೆ.

"ಇದೇನು, ಪ್ಲೇನು ಓಡ್ತಿದ್ದಂಗೇ ಇಳೀತಾ ಅದೆ?"

"ಹೌದು, ದಿನಾ ಇಳಿಯುತ್ತೆ."

"ನೀನು ನೋಡ್ತಾ ಇರ್ತೀಯಾ?"

"ಹೂಂ, ಅದೇ ಕೆಲಸ."

"ನೋಡ್ಬುಟ್ಟು ಏನ್ ಮಾಡ್ತೀಯ?"

"ಬರ್ಕೋತೀನಿ."

ಅವರು ನನ್ನ ಮುಂದಿದ್ದ ಉಪ್ಪಿಟ್ಟಿನ ತಟ್ಟೆ ಎತ್ತಿಕೊಂಡರು. "ಜನ ತುಂಬಿರೋ ಪ್ಲೇನು ಇಳೀತಿದ್ರೆ ಬರ್ಕಂಡ್ ಕೂತಿರೋನ್ಗೆ ಎಣ್ಣು ಕೊಡಾಕಾಯ್ತದಾ?"

೨. ಮಾವನ ಉಪಾಯ

ಕೊತ್ತತ್ತಿಗೆ ಇನ್ನೊಂದು ಹುಡುಗಿ ನೋಡೋಕೆ ಹೋಗುವಾಗ ಬಸ್ಸಲ್ಲಿ ನನ್ನ ಸೋದರಮಾವ ಬುದ್ಧಿ ಹೇಳಿದ. "ಇಳೀತದೆ ಅಂತ ಯಾಕ್ಲಾ ಬಾಯ್ ಬುಡ್ತೀಯ? ಏರ್ತದೆ ಅನ್ನು. ಅವ್ರೇನು ಪಟ್ಟಿ ಇಟ್ಟು ಅಳೀತಾರಾ?"

ಹಾಗೇ ಅಂದೆ. ಎಲ್ಲರ ಮುಖ ಅರಳಿತು. ಎರಡನೇ ಸಲ ಕೇಸರಿಬಾತು ಬಡಿಸಿದರು. ಆಗ ಮೂಲೇಲಿ ಕೂತಿದ್ದ ಹುಡುಗಿಯ ಅಣ್ಣ ಮೆಲ್ಲಗೆ ಕೆಮ್ಮಿದ.

"ಇಳೀಬೇಕಲ್ವಾ ಸಾ? ವೇಗ ಬಂದಂಗೆ ಎದುರಿಂದ ಗಾಳಿ ನುಗ್ತದಲ್ಲ. ನಾನು ಕಾಲೇಜಲ್ಲಿ ಇದೇ ಪಾಠ ಮಾಡೋದು."

ಬಾಯಲ್ಲಿದ್ದ ಕೇಸರಿಬಾತು ಒಳಕ್ಕೂ ಹೋಗಲಿಲ್ಲ, ಹೊರಕ್ಕೂ ಬರಲಿಲ್ಲ. ಬಸ್ ಸ್ಟಾಪಲ್ಲಿ ಮಾವ ಬೆವರು ಒರೆಸಿಕೊಂಡು, "ಇನ್ಮ್ಯಾಕೆ ಓದಿರೋ ಅಣ್ಣ ಇರೋ ಮನೆ ಬ್ಯಾಡ ಕಣ್ಲಾ" ಅಂದ.

೩. ಒಪ್ಪಿಗೆ

"ಇದೂ ತಪ್ಪಿದ್ರೆ ನಾನಿನ್ನು ಯಾರ್ ಮನೇಗೂ ಬರಾಕಿಲ್ಲ" ಅಂತ ಹೇಳಿಯೇ ಮಾವ ನನ್ನನ್ನ ಮಳವಳ್ಳಿ ಕಡೆಯ ಒಂದು ಹಳ್ಳಿಗೆ ಕರೆದುಕೊಂಡು ಹೋದ. ಹುಡುಗಿ ಊರ ಹಾಲಿನ ಡೇರಿಯಲ್ಲಿ ಫ್ಯಾಟ್, ಅಂದ್ರೆ ಹಾಲಲ್ಲಿ ಜಿಡ್ಡು ಎಷ್ಟಿದೆ ಅಂತ ನೋಡಿ ಪುಸ್ತಕದಲ್ಲಿ ಬರೆಯೋಳು; ಹಾಲಿನ ದುಡ್ಡು ಅದರ ಮೇಲೇ. ಜಗಲಿ ತುಂಬ ಅದೇ ಡೇರಿಗೆ ಹಾಲು ಹಾಕೋ ನೆಂಟರು, ಅಕ್ಕಪಕ್ಕದವರು. ನಾನು ಸುಳ್ಳಿನ ಸಹವಾಸ ಸಾಕು ಅಂತ ಇದ್ದದ್ದು ಇದ್ದ ಹಾಗೇ ಹೇಳಿದೆ. ಹುಡುಗಿ ನೇರವಾಗಿ ನನ್ನನ್ನೇ ಕೇಳಿದಳು.

"ಇಳಿದಿದ್ರೆ ಇಳ್ದದೆ ಅಂತಾನೇ ಬರೀತೀರಾ?"

"ಹೂಂ."

"ಬೈದ್ರೆ?"

"ಬೈಸ್ಕೋತೀನಿ."

"ಒಂಚೂರು ಏರಿಸಿ ಬರ್ಕಳಿ ಅಂದ್ರೆ?"

ಮಾವ ನನ್ನ ಕಾಲು ತುಳಿದ. "ಬರೆಯಲ್ಲ" ಅಂದೆ.

ಅವಳು ನಕ್ಕಳು. "ಅಪ್ಪ, ನಂಗೆ ಒಪ್ಗೆ."

ಸುಳ್ಳು ಯಾಕೆ, ನನ್ನ ಕಣ್ಣು ತುಂಬಿಬಂತು. ಆದರೆ ಅವಳಪ್ಪ ಹೆಗಲ ಮೇಲಿದ್ದ ಟವಲ್ಲು ತೆಗೆದು ಜೋರಾಗಿ ಕೊಡವಿದರು. ಮುಗೀತು ಕಥೆ ಅಂದುಕೊಂಡೆ. ಅಷ್ಟರಲ್ಲಿ ಅವರು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ಯಾವಾಗ ಕರ್ಕಂಡೋಯ್ತೀಯಪ್ಪ? ಹಾಲ್ಗೆ ಒಂದ್ ಲೋಟ ನೀರು ಬಿದ್ರೂ ಕಂಡಿಡೀತಾಳೆ. ಅಪ್ಪ ಅಂತಾನೂ ನೋಡಾಕಿಲ್ಲ, ಕಮ್ಮಿ ಬರ್ದೇ ಬುಡ್ತಾಳೆ!"

ಜಗಲಿಯಲ್ಲಿದ್ದವರೆಲ್ಲ ಒಟ್ಟಿಗೆ ಹೂಂಗುಟ್ಟಿದರು. ಮಾವ ಖುಷಿಯಲ್ಲಿ ಪಂಚಾಂಗ ತಿರುವಿ, "ಆಸಾಡ ಸುರುವಾಯ್ತಾ ಅದೆ, ಕಳೀಲಿ" ಅಂದ.

ಕಂಬಕ್ಕೊರಗಿದ್ದ ಅಜ್ಜನೊಬ್ಬ ತಟಕ್ಕನೆ ಎದ್ದು ನಿಂತ. "ಆಸಾಡನೂ ಇಲ್ಲ, ಗೀಸಾಡನೂ ಇಲ್ಲ! ನಾಳೆ ಬೆಳಗ್ಗೆ ಹಾಲು ಕರೆಯಾಕ್ ಮುಂಚೇನೇ ತಾಳಿ ಕಟ್ಟುಸ್ಬುಡಿ!"