ಕಿವಿ ಬಂದ ದಿನ

ಎಲ್ಲ ರಾದ್ಧಾಂತಕ್ಕೂ ಕಾರಣ ಕಡಲೆಬೀಜದಷ್ಟು ದೊಡ್ಡ ಒಂದು ಯಂತ್ರ. ಕಟಿಂಗ್ ಶಾಪಿನ ಯಜಮಾನನಿಗೆ ಮಗಳು ಅದನ್ನು ತಂದುಕೊಟ್ಟಾಗ ಅವನ ಕಿವಿ ಕೈಕೊಟ್ಟು ವರ್ಷಗಳೇ ಆಗಿದ್ದವು. ಬೆನ್ನ ಹಿಂದೆ ಲಾರಿ ಹಾರನ್ ಹೊಡೆದರೂ ತಿರುಗಿ ನೋಡದ ಆಸಾಮಿ.

ಯಂತ್ರವನ್ನು ಕಿವಿಗೆ ಸಿಕ್ಕಿಸಿ ಮಗಳು ಹೇಳಿದಳು: "ಅಂಗಡೀಲಿ ಫೋನನ್ನ ಗಿರಾಕಿ ಹತ್ರ ಇಡಿ ಅಪ್ಪಾ. ಅವರಾಡಿದ್ದನ್ನ ಅದು ಹಿಡಿದು ನಿಮ್ಮ ಕಿವಿಗೆ ಕಳಿಸುತ್ತೆ."

ಆಮೇಲೆ ಮೊಮ್ಮಗಳು "ತಾತಾ" ಎಂದಳು. ಅವಳ ದನಿ ಹೇಗಿದೆಯೆಂದು ಅವನಿಗೆ ಗೊತ್ತಾದದ್ದೇ ಆಗ. ಕಣ್ಣೊರೆಸಿಕೊಂಡು, ಇನ್ನೊಮ್ಮೆ ಕರೆಸಿಕೊಂಡು, ಮದುವೆ ಗಂಡಿನ ಹಾಗೆ ಅಂಗಡಿಗೆ ಹೊರಟ.

ಮೊದಲ ಗಿರಾಕಿ ಗಣಿತದ ಮೇಷ್ಟ್ರು. ಯಜಮಾನ ಫೋನನ್ನು ಅವರೆದುರು ಕನ್ನಡಿಯ ಕೆಳಗೆ ಇಟ್ಟ. ಎಂದಿನಂತೆ ಕಣ್ಣು ಮುಚ್ಚಿ, ಎಂದಿನಂತೆ ಮೆಲ್ಲಗೆ ಶುರುಮಾಡಿದರು. "ನಿನ್ನ ಹತ್ರ ಅಲ್ಲದೆ ಇನ್ಯಾರ ಹತ್ರ ಹೇಳ್ಕೊಳ್ಳಲಯ್ಯಾ? ಈ ಹೊಸ ಪುಸ್ತಕದ ಲೆಕ್ಕ ನನಗೇ ತಲೆಗೆ ಹತ್ತೋದಿಲ್ಲ. ಹಿಂದಿನ ಪುಟದಲ್ಲಿ ಉತ್ತರ ನೋಡ್ಕೊಂಡು ಬೋರ್ಡಿಗೆ ಇಳಿಸ್ತೀನಿ. ಮಕ್ಕಳು ಏನಾದ್ರೂ ಕೇಳಿದ್ರೆ ಬೈದು ಕೂರಿಸ್ತೀನಿ."

ಯಜಮಾನನ ಕರುಳು ಚುರುಕ್ಕೆಂದಿತು. "ಅದಕ್ಯಾಕೆ ಸಾರ್ ಇಷ್ಟು ಕೊರಗು? ಸಂಜೆ ಮನೆಗೆ ಬನ್ನಿ, ನನ್ನ ಮಗಳು ಹೇಳಿಕೊಡ್ತಾಳೆ," ಎಂದ.

ಮೇಷ್ಟ್ರು ಕುರ್ಚಿಯಿಂದ ನೆಗೆದೇಬಿಟ್ಟರು. ಬಲಗಡೆ ಬೋಳಾಗಿ ಎಡಗಡೆ ಪೊದೆಯಾಗಿದ್ದ ತಲೆಯಲ್ಲೇ, ಕೊರಳಿಗೆ ಕಟ್ಟಿದ ಬಟ್ಟೆಯ ಸಮೇತ ಬೀದಿಗೆ ಓಡಿದರು.

ಪಕ್ಕದಂಗಡಿಯ ಟೈಲರ್‌ಗೆ ಅಷ್ಟು ಸಾಕಾಯಿತು. ಯಾರ ಮನೆಯಲ್ಲಿ ಹಾಲು ಉಕ್ಕಿದರೂ ಮೊದಲು ಇಣುಕುವ ಪ್ರಾಣಿ ಅವನು. ಒಳಗಿಣುಕಿ ವಿಷಯ ತಿಳಿದುಕೊಂಡು, "ನಮ್ಮವನಿಗೆ ಕಿವಿ ಬಂತು!" ಎಂದು ಬೀದಿಯುದ್ದಕ್ಕೂ ಸಾರಿಬಂದ. ಒಳ್ಳೆಯ ಸುದ್ದಿಯೆಂದೇ ಸಾರಿದ, ಪಾಪ. ಕೇಳಿದವರ ಮುಖ ಮಾತ್ರ ಬಿಳಿಚಿಕೊಂಡಿತು. ಬಸ್ ಡ್ರೈವರ್ ಬಾಗಿಲಲ್ಲೇ ನಿಂತು, "ಯಾವಾಗಿಂದ ಕೇಳಿಸ್ತಿದೆ? ನಿಜ ಹೇಳು! ಹೋದ ತಿಂಗಳೂ ಕೇಳಿಸ್ತಿತ್ತಾ?" ಎಂದು ಬೆವರೊರೆಸಿಕೊಂಡ. ಉತ್ತರಕ್ಕೂ ಕಾಯದೆ ಎದುರಿನ ಗಾಜಿನ ಸಲೂನಿಗೆ ನುಗ್ಗಿದ.

ಮಧ್ಯಾಹ್ನದ ಹೊತ್ತಿಗೆ ಬೆಂಚು ಖಾಲಿ. ಯಜಮಾನನಿಗೆ ಈಗ ಎಲ್ಲವೂ ಕೇಳಿಸುತ್ತಿತ್ತು. ಫ್ಯಾನಿನ ಕಿರಗುಟ್ಟುವಿಕೆ, ನೊಣದ ಗುಂಯ್‌ಗುಡುವಿಕೆ, ಎದುರಿನ ಸಲೂನಿನ ನಗು. ಇಷ್ಟು ವರ್ಷ ತನ್ನ ಕತ್ತರಿಯ ಕೈಚಳಕಕ್ಕೆ ಜನ ಬರುತ್ತಾರೆಂದು ಬೀಗಿದ್ದ. ಅವರು ಬರುತ್ತಿದ್ದದ್ದು ಕೇಳದ ಕಿವಿಗೆ. ಎಲ್ಲರ ಜೇಬಿನಲ್ಲೂ ಫೋನಿದೆ, ಆದರೆ ಮನಸ್ಸು ಬಿಚ್ಚಿ ಮಾತಾಡಲು ಅವರಿಗಿದ್ದದ್ದು ಈ ಕುರ್ಚಿಯೊಂದೇ. ಅದು ಅರ್ಥವಾದಾಗ ಅವನಿಗೆ ನಿಜಕ್ಕೂ ನೋವಾಯಿತು. ಹೀಗೇ ಆದರೆ ಅಂಗಡಿಗೆ ಬೀಗ ಹಾಕಬೇಕಾದೀತೆಂದು ಭಯವೂ ಆಯಿತು.

ಸಂಜೆ ಟೈಲರ್ ತಲೆ ತಗ್ಗಿಸಿಕೊಂಡು ಬಂದ. "ನನ್ನ ಹಾಳು ಬಾಯಿಂದ ಹಿಂಗಾಯ್ತು. ಒಂದು ಕೆಲ್ಸ ಮಾಡು. ಎಲ್ಲರ ಎದುರಿಗೇ ಅದನ್ನ ತೆಗೆದು ಡಬ್ಬಿಗೆ ಹಾಕಿಬಿಡು. ಮೊಮ್ಮಗಳ ಮಾತು ಕೇಳೋಕೆ ಮನೇಲಿ ಹಾಕ್ಕೊಂಡರಾಯ್ತು."

ಯಜಮಾನನಿಗೆ ಹೋದ ಜೀವ ಬಂದಂತಾಯಿತು. ಮಗುವಿನ ದನಿಯೂ ಉಳಿಯಿತು, ಅಂಗಡಿಯೂ ಉಳಿಯಿತು! ಬೀದಿಯವರೆಲ್ಲ ಸೇರಿದ ಮೇಲೆ ಯಂತ್ರವನ್ನು ತೆಗೆದು ಡಬ್ಬಿಯ ಮುಚ್ಚಳ ಒತ್ತಿದ. ಟೈಲರ್ ಅವನ ಬೆನ್ನ ಹಿಂದೆ ಬಕೆಟ್ ಬಡಿದ. ಡ್ರೈವರ್ ಕಿವಿಯ ಬುಡದಲ್ಲೇ ಶಿಳ್ಳೆ ಹಾಕಿದ. ಯಜಮಾನ ರೆಪ್ಪೆ ಕೂಡ ಆಡಿಸಲಿಲ್ಲ. ಜನ ಚಪ್ಪಾಳೆ ತಟ್ಟಿದರು.

"ಒಂದು ಹಾಡಾದ್ರೂ ಹಾಕೋಣ!" ಎಂದು ಟೈಲರ್, ಬಾಗಿಲ ಮೇಲೆ ಬೀದಿಗೆ ಮುಖಮಾಡಿದ್ದ ದೊಡ್ಡ ಸ್ಪೀಕರಿನ ಗುಂಡಿ ಒತ್ತಿದ. ಗಿರಾಕಿಗಳನ್ನು ಸೆಳೆಯಲೆಂದು ಅದನ್ನೂ ಮಗಳೇ ಕೊಡಿಸಿ, ಅಪ್ಪನ ಫೋನಿಗೆ ಜೋಡಿಸಿದ್ದಳು. ಅದು 'ಟುಂಯ್' ಎಂದಿತೇ ಹೊರತು ಹಾಡು ಬರಲಿಲ್ಲ. ಫೋನು ಬೆಳಗಿನಿಂದ ಇದ್ದಲ್ಲೇ, ಕನ್ನಡಿಯ ಕೆಳಗೆ ಇತ್ತು. ಆ ಗದ್ದಲದಲ್ಲಿ ಅದರ ನೆನಪು ಯಾರಿಗಿತ್ತು?

ಇಡೀ ದಿನ ಟೋಪಿಯೊಳಗೆ ತಲೆ ಅಡಗಿಸಿಕೊಂಡಿದ್ದ ಮೇಷ್ಟ್ರು ಎಲ್ಲರಿಗಿಂತ ಮೊದಲು ಕುರ್ಚಿ ಹಿಡಿದರು. ಉಳಿದವರು ಬೆಂಚಿನ ಮೇಲೆ ಗಪ್‌ಚಿಪ್ಪಾಗಿ ಕೂತರು. ಮೇಷ್ಟ್ರು ಕಣ್ಣು ಮುಚ್ಚಿ, ದಿನವಿಡೀ ಹಿಡಿದಿಟ್ಟಿದ್ದನ್ನು ಒಂದೇ ಉಸಿರಿಗೆ ಪಿಸುಗುಟ್ಟಿದರು: "ನಿನಗೆ ಕಟಿಂಗ್ ಬರೋದಿಲ್ಲ, ಪಕ್ಕದವನಿಗೆ ಹೊಲಿಗೆ ಬರೋದಿಲ್ಲ, ನನಗೆ ಲೆಕ್ಕ ಬರೋದಿಲ್ಲ ಕಣಯ್ಯಾ!"

ತಲುಪಿಸಬೇಕಾದ ಕಿವಿ ಡಬ್ಬಿ ಸೇರಿದ್ದರಿಂದ, ಫೋನು ಆ ಮಾತನ್ನು ಬಾಗಿಲ ಮೇಲಿನ ಸ್ಪೀಕರಿಗೆ ಕಳಿಸಿತು. ಅರೆಗಳಿಗೆ ತಡವಾಗಿ, ಒಂದಕ್ಷರ ಬಿಡದೆ, ಅದು ಬೀದಿಗೆಲ್ಲ ಗುಡುಗಿತು. ಟೈಲರ್ ದಿಗ್ಗನೆ ಎದ್ದ. ಶಾಲೆಯ ಮಕ್ಕಳು ಸೈಕಲ್ ನಿಲ್ಲಿಸಿದರು. ಗಾಜಿನ ಸಲೂನಿನಲ್ಲಿ ಸೋಪು ಹಚ್ಚಿದ ಮುಖಗಳೆಲ್ಲ ಇತ್ತ ತಿರುಗಿದವು. ಬೆಂಚಿನವರು ಒಬ್ಬೊಬ್ಬರಾಗಿ ಮೆಟ್ಟಿಲಿಳಿದರು.

ಯಜಮಾನ ತಲೆ ಬಗ್ಗಿಸಿ ಮೇಷ್ಟ್ರ ಎಡಗಡೆಯ ಪೊದೆಯಲ್ಲಿ ತನ್ಮಯನಾಗಿದ್ದ. ಅವರ ಮೈ ನಡುಗುವುದು ಕೈಗೆ ತಿಳಿಯಿತು. ಪಾಪ, ಇನ್ನೂ ಹೆದರಿಕೆ ಎಂದುಕೊಂಡ. ಪ್ರೀತಿಯಿಂದ ಅವರ ಭುಜ ತಟ್ಟಿದ.

"ಹೇಳಿ ಸಾರ್, ಧೈರ್ಯವಾಗಿ ಹೇಳಿ. ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತೆ."

ಅದೂ ಬೀದಿಯ ಕೊನೆಯವರೆಗೆ ಕೇಳಿಸಿತು.