ಟೆರೇಸಿನ ಚಾವಿ ಮತ್ತು ಹಟಮಾರಿ ನೆರಳು

ಕೆಲವರಿಗೆ ಇಸ್ಪೀಟಿನ ಹುಚ್ಚು, ಕೆಲವರಿಗೆ ಸೀರೆಯ ಹುಚ್ಚು, ನನಗೆ ಆಕಾಶದ್ದು. ಮುಚ್ಚಿಟ್ಟು ಪ್ರಯೋಜನವಿಲ್ಲ, ಡೊಂಬಿವಲಿಯಿಂದ ದಿನವೂ ನನ್ನೊಡನೆ ಲೋಕಲ್ ರೈಲಿನಲ್ಲಿ ನೇತಾಡುವವರಿಗೆಲ್ಲ ಇದು ಗೊತ್ತು. ಮುಂಬ್ರಾ ಸ್ಟೇಷನ್ ಬರುವಷ್ಟರಲ್ಲಿ ನಾನು ಶನಿಯ ಬಳೆಗಳನ್ನು ವಿವರಿಸಿ ಮುಗಿಸಿರುತ್ತೇನೆ. ಆ ನೂಕುನುಗ್ಗಲಿನಲ್ಲಿ ಪಕ್ಕಕ್ಕೆ ಸರಿಯಲು ಅವರಿಗೆ ಜಾಗವಿರುವುದಿಲ್ಲ, ಅದೇ ನನ್ನ ಅನುಕೂಲ. ಬಿಡುವಿದ್ದಾಗ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಗ್ರಹ ನಕ್ಷತ್ರಗಳ ಪರಿಚಯ ಮಾಡಿಸುತ್ತೇನೆ, ಮೈಮೇಲೆ ಗ್ಯಾಲಕ್ಸಿಯ ಚಿತ್ರವಿರುವ ಟೀ ಶರ್ಟು. ಸಿನಿಮಾದಲ್ಲಿ ಅಂತರಿಕ್ಷ ನೌಕೆ ಢಮಾರೆಂದು ಸಿಡಿದರೆ, "ಅಲ್ಲಿ ಗಾಳಿಯೇ ಇಲ್ಲ, ಶಬ್ದ ಎಲ್ಲಿಂದ?" ಎಂದು ಜೋರಾಗಿ ಕೇಳದೆ ನನಗೆ ಪಾಪ್‌ಕಾರ್ನ್ ಇಳಿಯುವುದಿಲ್ಲ. ಹೆಂಡತಿ ಸುಜಾತಾ ಈಗೀಗ ಎರಡು ಸೀಟು ಬಿಟ್ಟು ಕೂರುತ್ತಾಳೆ.

ಇಷ್ಟೆಲ್ಲ ಇದ್ದೂ ನನ್ನ ಟೆಲಿಸ್ಕೋಪಿಗೆ ಆಕಾಶವಿರಲಿಲ್ಲ. ನಮ್ಮ ಬಾಲ್ಕನಿಯಿಂದ ಕಾಣುವುದು ಎದುರಿನ ಬಿ ವಿಂಗಿನ ಅಡುಗೆಮನೆಗಳು. ಅತ್ತ ಕೊಳವೆ ತಿರುಗಿಸಿ ನಿಂತವನನ್ನು ಯಾರು ತಾನೇ ವಿಜ್ಞಾನಿ ಎನ್ನುತ್ತಾರೆ? ದೂರು ಹೋಯಿತು. ಟೆರೇಸು ಬೇಕೆಂದು ನಾನು ಸೊಸೈಟಿಯ ಸೆಕ್ರೆಟರಿ ಸಾವಂತ್ ಕಾಕಾರಿಗೆ ಕೊಟ್ಟ ಅರ್ಜಿಗಳಿಗೆ ಲೆಕ್ಕವಿಲ್ಲ. ಟೆರೇಸಿನ ಬೀಗದ ಚಾವಿಯನ್ನು ಅವರು ಜನಿವಾರದ ಹಾಗೆ ಮೈಬಿಟ್ಟು ಇಳಿಸುತ್ತಿರಲಿಲ್ಲ. ಆದರೆ ಮೇ ತಿಂಗಳಲ್ಲಿ ಹಪ್ಪಳ, ಸಂಡಿಗೆ ಒಣಗಿಸುವ ಹೆಂಗಸರು ಕೇಳಿದರೆ ಸಾಕು, ಚಾವಿ ತಾನಾಗಿ ಕೈಗೆ ಬರುತ್ತಿತ್ತು. ಸುಜಾತಾಳ ತವರಿನ ಹಲಸಿನ ಹಪ್ಪಳಕ್ಕೆ ಸಿಕ್ಕ ಮರ್ಯಾದೆ ಗುರುಗ್ರಹಕ್ಕೆ ಸಿಗಲಿಲ್ಲವಲ್ಲ ಎಂದು ನನಗೆ ನಿಜಕ್ಕೂ ಹೊಟ್ಟೆಯುರಿ.

ಒಂದು ಮೇ ತಿಂಗಳಲ್ಲಿ ಉಪಾಯ ಹೊಳೆಯಿತು. ನಮ್ಮ ಕಡೆ ವರ್ಷಕ್ಕೆ ಎರಡು ದಿನ ನಡು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು, ನೆಟ್ಟಗೆ ನಿಂತ ವಸ್ತುವಿನ ನೆರಳು ಮಾಯವಾಗುತ್ತದೆ. ಜುಲೈಯಲ್ಲಿ ಬರುವುದನ್ನು ಮಳೆಮೋಡ ನುಂಗುತ್ತದೆ. ಮೇ ತಿಂಗಳದ್ದು ನಮ್ಮದೇ. ಆ ವರ್ಷ ಅದು ಭಾನುವಾರವೇ ಬಂದಿತ್ತು. ಎಲ್ಲರನ್ನೂ ಟೆರೇಸಿಗೆ ಕರೆದು ತೋರಿಸುತ್ತೇನೆ, ಇಷ್ಟವಾದರೆ ಚಾವಿ ಕೊಡಿ ಎಂದೆ. ಕಾಕಾ ಒಪ್ಪಿದರು. ಹನ್ನೆರಡೂವರೆಗೆ ಇಪ್ಪತ್ತು ಜನ ಕೊಡೆ ಹಿಡಿದು ಬಂದರು. ಇಲ್ಲದ ವಸ್ತುವನ್ನು ನೋಡಲು ಇಷ್ಟು ಜನ ಸೇರಿದ್ದು ನಮ್ಮ ಸೊಸೈಟಿಯಲ್ಲಿ ಅದೇ ಮೊದಲು.

ನಾನು ಆರಿಸಿಕೊಂಡದ್ದು ಟೆರೇಸಿನಲ್ಲಿ ಕಾಕಾ ತಾವೇ ಮುಂದೆ ನಿಂತು ಹಾಕಿಸಿದ ಧ್ವಜದ ಕಂಬವನ್ನು. ಅವರನ್ನು ಒಲಿಸಿಕೊಳ್ಳುವ ಹಿಕಮತ್ತೂ ಅದರಲ್ಲಿತ್ತು. ಹನ್ನೆರಡು ಮೂವತ್ತನಾಲ್ಕು. ಎಲ್ಲರೂ ಬಗ್ಗಿ ನೋಡಿದರು. ಕಂಬದ ಬುಡದಲ್ಲಿ ಗೇಣುದ್ದದ ನೆರಳು ಹಾಯಾಗಿ ಮಲಗಿತ್ತು.

"ರಾವ್ ಸಾಹೇಬ್, ಯೇ ಕ್ಯಾ ಹೈ?" ಎಂದರು ಕಾಕಾ.

"ಕಂಬವೇ ಸೊಟ್ಟ!" ಎಂಬ ಸತ್ಯ ನನ್ನ ಬಾಯಿಂದ, ಅದೂ ಅಚ್ಚ ಮರಾಠಿಯಲ್ಲಿ, ಹೊರಬಿದ್ದುಬಿಟ್ಟಿತು. ಯಾರೋ ಕಿಸಕ್ಕೆಂದರು. ಕಾಕಾರ ಮುಖ ಕೆಂಪಾಯಿತು. ಗಾಬರಿಯಲ್ಲಿ ನಾನು ಒಂದು ಸ್ಟೀಲ್ ಲೋಟ ನಿಲ್ಲಿಸಿದೆ, ಅದಕ್ಕೂ ನೆರಳು! ಮಳೆನೀರು ಹರಿದುಹೋಗಲೆಂದು ಟೆರೇಸಿನ ನೆಲವನ್ನೇ ಇಳಿಜಾರಾಗಿ ಮಾಡಿರುತ್ತಾರೆಂಬುದು ಸೌರವ್ಯೂಹ ಬಲ್ಲ ನನಗೆ ತಿಳಿದಿರಲಿಲ್ಲ. ಚಾವಿ ಕೈತಪ್ಪಿತು, ಮರ್ಯಾದೆಯೂ ಹೋಯಿತು ಎಂದುಕೊಂಡೆ.

ಹಪ್ಪಳ ಮಗುಚುತ್ತಿದ್ದ ಸುಜಾತಾ ಎದ್ದು ಬಂದಳು. "ಎಂತ ಮಾರಾಯ್ರೆ, ಗಾರೆಯವರು ದಾರಕ್ಕೆ ಕಲ್ಲು ಕಟ್ಟಿ ಗೋಡೆ ನೋಡುವುದಿಲ್ವಾ? ತೂಗಿದ್ದು ಸೊಟ್ಟ ಆಗ್ತದಾ?" ಎನ್ನುತ್ತ ಹಪ್ಪಳದ ಬಟ್ಟೆ ಕಟ್ಟಲು ತಂದಿದ್ದ ದಾರಕ್ಕೆ ಕಾಕಾ ಬಾಗಿಲು ತೆರೆದು ಅಲ್ಲೇ ಬಿಟ್ಟಿದ್ದ ಟೆರೇಸಿನ ಬೀಗವನ್ನೂ ಚಾವಿಯನ್ನೂ ಕಟ್ಟಿ, ಬಟ್ಟೆ ಒಣಗಿಸುವ ತಂತಿಯಿಂದ ಇಳಿಬಿಟ್ಟಳು. ಬೀಗ ತೂಗಾಡಿ ನಿಂತಿತು. ಅದರ ನೆರಳು ಸರಿಯಾಗಿ ಅದರ ಕೆಳಗೇ ಮುದುಡಿಕೊಂಡಿತು. ಮೇಲಿನ ದಾರದ ನೆರಳು ಎಲ್ಲೂ ಇಲ್ಲ. "ಅರೇ, ಗಾಯಬ್!" ಎಂದು ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ನನ್ನ ಕಣ್ಣಲ್ಲಿ ನೀರು ಬಂತು, ಬಿಸಿಲಿಗೆ ಎಂದುಬಿಟ್ಟೆ.

ಕಾಕಾ ದಾರ ಬಿಚ್ಚಿ ಚಾವಿಯನ್ನು ಕೈಗೆತ್ತಿಕೊಂಡರು. ನಾನು ಕೈ ಚಾಚಿದೆ. ಅವರು ನನ್ನನ್ನು ದಾಟಿ ಹೋಗಿ, "ಭಾಭೀ, ಯೇ ಆಪ್ ಹೀ ರಖೋ. ಇನ್ಕೋ ಚಾಹಿಯೇ ತೋ ಆಪ್ ದೇ ದೇನಾ" ಎಂದು ಸುಜಾತಾಳಿಗೆ ಕೊಟ್ಟರು. ಇನ್ನು ನನಗೆ ಚಾವಿ ಬೇಕಾದರೆ ಅವಳನ್ನೇ ಕೇಳಬೇಕು. ಮರುವಾರ ಕಂಬವನ್ನೂ ನೆಟ್ಟಗೆ ಮಾಡಿಸಿದರು.

ಈಗ ನನ್ನ ಟೆಲಿಸ್ಕೋಪಿಗೆ ಆಕಾಶವಿದೆ. ಅರ್ಜಿ ಮಾತ್ರ ಅಡುಗೆಮನೆಗೆ ಹಾಕಬೇಕು. ಬೇಸಿಗೆಯಲ್ಲಿ ಒಂದು ಷರತ್ತೂ ಉಂಟು: ಹಪ್ಪಳ ಕಾಯಬೇಕು. ಮೊನ್ನೆ ಸೂರ್ಯನ ಕಲೆಗಳನ್ನು ನೋಡೋಣವೆಂದು ಫಿಲ್ಟರ್ ಹಾಕಿ, ಕಣ್ಣು ಕೀಲಿಸಿ ಮೈಮರೆತಿದ್ದೆ. ಹಿಂದಿನಿಂದ ಸುಜಾತಾಳ ದನಿ ಕೇಳಿಸಿತು: "ಹದಿನೈದು ಕೋಟಿ ಕಿಲೋಮೀಟರ್ ಆಚೆಯ ಕಲೆ ಕಾಣ್ತದೆ, ಕಾಲಬುಡದ ಕಾಗೆ ಕಾಣುವುದಿಲ್ಲ ಅಲ್ವಾ?" ತಿರುಗಿ ನೋಡಿದೆ. ಕಾಗೆ ಹಪ್ಪಳ ಕಚ್ಚಿಕೊಂಡು, ಈಗ ನೆಟ್ಟಗಾದ ಕಂಬದ ತುದಿಯಲ್ಲಿ ಕೂತಿತ್ತು. ಅವಳು ಕೇಳುವ ಮೊದಲೇ ನಾನು ಜೇಬಿನಿಂದ ಚಾವಿ ತೆಗೆದು ಕೊಟ್ಟೆ.